ಹೆಬ್ಬೆರಳು ದಪ್ಪದ ಗೋಡೆ

ಫೆರೋಸಿಮೆಂಟ್ ಟ್ಯಾಂಕಿಯ ಗೋಡೆ ಎಷ್ಟು ದಪ್ಪ ಇರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಈಗಲೂ ಹೆಬ್ಬೆರಳನ್ನು ಅಡ್ಡ ಹಿಡಿದು ತೋರಿಸುತ್ತೇನೆ. ಅಷ್ಟು ತೆಳ್ಳಗಿನ ಗೋಡೆ ಹದಿನೈದು ಸಾವಿರ ಲೀಟರ್ ಮಳೆನೀರನ್ನು ಹಿಡಿದು ನಿಲ್ಲಿಸುತ್ತದೆ ಎಂದಾಗ ಕೇಳಿದವರು ನನ್ನ ಬೆರಳನ್ನೊಮ್ಮೆ, ಮುಖವನ್ನೊಮ್ಮೆ ನೋಡುತ್ತಾರೆ. ಮೊದಲ ದಿನ ನಾನೂ ಹಾಗೆಯೇ ನೋಡಿದ್ದೆ.

ಮುಂಬಯಿಯ ಒಂದು ಸಣ್ಣ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ನಾನು ಈ ಟ್ಯಾಂಕಿಗಳನ್ನು ಕಟ್ಟಿಸಿದೆ. ನಿವೃತ್ತಳಾಗಿ ಮೂರು ವರ್ಷವಾಯಿತು. ಕಳೆದ ತಿಂಗಳು ಸಯನ್‌ನ ನಮ್ಮ ಮನೆಗೆ ಇಬ್ಬರು ಹುಡುಗಿಯರು ಬಂದಿದ್ದರು. ಇಬ್ಬರೂ ಸಿವಿಲ್ ಡಿಪ್ಲೊಮಾ ಮುಗಿಸಿ ಇದೇ ಕೆಲಸಕ್ಕೆ ಸೇರಿದವರು. ಲೆಕ್ಕಾಚಾರವೆಲ್ಲ ಪುಸ್ತಕದಲ್ಲಿದೆ, ಸೈಟಿನಲ್ಲಿ ನಿಜವಾಗಿ ಏನಾಗುತ್ತದೆ ಅದನ್ನು ಹೇಳಿ ಎಂದು ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಕೇಳಿದರು. ಅವರಿಗೆ ಚಹಾ ಮುಗಿಯುವಷ್ಟರಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾವಾಗ ಯಾವ ಹುದ್ದೆ ಸಿಕ್ಕಿತು ಎನ್ನುವುದನ್ನು ಬಿಟ್ಟಿದ್ದೇನೆ. ಅದರಲ್ಲಿ ಕಲಿಯುವಂಥದ್ದೇನೂ ಇಲ್ಲ.

ನಾನು ಪ್ರಮೀಳಾ ಬಡಿಗೇರ, ಗೋಕಾಕದವಳು. ಅಪ್ಪ ಬಾಗಿಲು ಚೌಕಟ್ಟು ಮಾಡುತ್ತಿದ್ದರು. ಬೆಳಗಾವಿಯಲ್ಲಿ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ಮುಂಬಯಿಗೆ ಬಂದು, ಮಗಳು ಶಾಲೆಗೆ ಹೋಗುವವರೆಗೆ ಮನೆಯಲ್ಲಿದ್ದೆ. ಆಮೇಲೆ ನಕ್ಷೆ ಬರೆಯುವವರು ಬೇಕು ಎನ್ನುವ ಒಂದು ಸಣ್ಣ ಜಾಹೀರಾತು ಕಂಡು ವಿಕ್ರೋಳಿಗೆ ಹೋದೆ. ಕಾರ್ಖಾನೆಗಳ ಹಿಂದಿನ ಗಲ್ಲಿಯಲ್ಲಿ ಒಂದು ತಗಡಿನ ಶೆಡ್ಡು, ಒಂದು ಮೇಜು. ಮೇಜಿನ ಹಿಂದೆ ಕರ್ಮರ್ಕರ್ ಸಾಹೇಬರು.

ಅವರು ನನ್ನ ಸರ್ಟಿಫಿಕೇಟು ನೋಡಲಿಲ್ಲ. ಹೆಬ್ಬೆರಳು ತೋರಿಸಿ, ಇಷ್ಟು ದಪ್ಪದ ಗೋಡೆಯ ಟ್ಯಾಂಕಿ ಕಟ್ಟುತ್ತೇವೆ, ನಂಬುತ್ತೀರಾ ಎಂದರು. ಇಲ್ಲ ಎಂದೆ. ಒಳ್ಳೆಯದು ಎಂದು ಶೆಡ್ಡಿನ ಹಿಂದೆ ಕರೆದುಕೊಂಡು ಹೋದರು. ಅಲ್ಲಿ ಒಂದು ಮೊಳ ಉದ್ದದ ಎರಡು ಹಲಗೆಗಳಿದ್ದವು. ಎರಡೂ ಸಿಮೆಂಟು ಗಾರೆಯವು, ಎರಡೂ ಒಂದೇ ದಪ್ಪ. ಒಂದರೊಳಗೆ ಬರೀ ಗಾರೆ, ಇನ್ನೊಂದರೊಳಗೆ ಕೋಳಿ ಗೂಡಿಗೆ ಕಟ್ಟುವ ತೆಳು ತಂತಿ ಜಾಲರಿ. ಎರಡನ್ನೂ ಇಟ್ಟಿಗೆಗಳ ಮೇಲೆ ಸೇತುವೆಯಂತೆ ಇಟ್ಟು, ಮುರಿಯುವವರೆಗೆ ಮೇಲೆ ಇಟ್ಟಿಗೆ ಪೇರಿಸುತ್ತಾ ಹೋಗಿ ಎಂದು ಹೇಳಿ ಚಹಾಕ್ಕೆ ಹೋದರು.

ಬರೀ ಗಾರೆಯದು ಎರಡನೇ ಇಟ್ಟಿಗೆಗೆ ಟಪ್ಪೆಂದು ಎರಡು ತುಂಡಾಯಿತು. ಜಾಲರಿಯದು ಒಂಬತ್ತು ಇಟ್ಟಿಗೆ ಹೊತ್ತು ಮರದ ಹಲಗೆಯಂತೆ ಬಾಗಿತು. ನೆಲಕ್ಕೆ ಕೆನ್ನೆಯಿಟ್ಟು ಅಡಿಯಿಂದ ನೋಡಿದೆ. ಕೂದಲಿಗಿಂತ ಸಣ್ಣ ಬಿರುಕುಗಳು, ಒಂದರ ಪಕ್ಕ ಒಂದು, ಬಾಚಣಿಗೆಯ ಹಲ್ಲಿನಂತೆ. ಇಟ್ಟಿಗೆಗಳನ್ನು ಇಳಿಸಿದೆ. ಹಲಗೆ ಮೇಲಕ್ಕೆದ್ದಿತು, ಬಿರುಕುಗಳು ಕಣ್ಣಿಗೆ ಕಾಣದಾದವು. ಮತ್ತೆ ಪೇರಿಸಿದೆ, ಮತ್ತೆ ಬಂದವು. ಸಾಹೇಬರು ತಿರುಗಿ ಬಂದಾಗ ನಾನು ಸೀರೆಯ ತುಂಬ ಇಟ್ಟಿಗೆಪುಡಿ ಮಾಡಿಕೊಂಡು ನೆಲದ ಮೇಲೇ ಇದ್ದೆ. ಬಿರುಕು ಎಲ್ಲಿ ಹೋದವು ಎಂದು ಕೇಳಿದೆ. ಅವರು ನಾಳೆಯಿಂದ ಬನ್ನಿ ಎಂದರು. ಉತ್ತರ ಒಂದು ವಾರದ ನಂತರ ಸಿಕ್ಕಿತು: ಗಾರೆ ಎಳೆತಕ್ಕೆ ಒಡೆಯುವುದೇ. ಜಾಲರಿ ಇದ್ದರೆ ಒಂದು ದೊಡ್ಡ ಬಿರುಕಿನ ಬದಲು ಆ ಎಳೆತ ನೂರಾರು ಕಡೆ ಹಂಚಿಹೋಗುತ್ತದೆ. ಒಂದೊಂದು ಬಿರುಕೂ ನೀರು ದಾಟಲಾರದಷ್ಟು ಸಣ್ಣದಾಗುತ್ತದೆ.

ಟ್ಯಾಂಕಿ ಕಟ್ಟುವ ರೀತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೊದಲು ನೆಲದ ಮೇಲೆ ಕಾಂಕ್ರೀಟಿನ ತಳ. ಅದರಿಂದ ಎದ್ದ ಕಬ್ಬಿಣದ ಸರಳುಗಳ ದುಂಡನೆಯ ಪಂಜರ. ಪಂಜರಕ್ಕೆ ಸುತ್ತಲೂ ಎರಡು ಪದರ ಜಾಲರಿ ಬಿಗಿಯುತ್ತೇವೆ. ಆಮೇಲೆ ಒಬ್ಬ ಒಳಗೆ ನಿಂತು ಜಾಲರಿಗೆ ಹಲಗೆ ಆನಿಸಿ ಹಿಡಿಯುತ್ತಾನೆ, ಇನ್ನೊಬ್ಬ ಹೊರಗಿನಿಂದ ಕರಣೆಯಲ್ಲಿ ಗಾರೆಯನ್ನು ಒತ್ತಿ ಕಣ್ಣುಕಣ್ಣಿಗೂ ತುಂಬುತ್ತಾನೆ. ಗಾರೆ ಏರಿದಂತೆ ಇಬ್ಬರಿಗೂ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದಾಗುತ್ತದೆ. ಆಗ ಹಲಗೆಯ ಮೇಲೆ ಕುಟ್ಟುವುದೇ ಮಾತು. ಒಮ್ಮೆ ಕುಟ್ಟಿದರೆ ನಿಲ್ಲು, ಎರಡು ಸಲ ಕುಟ್ಟಿದರೆ ಮುಂದೆ ಸರಿ.

ಈ ಭಾಷೆ ನನಗೆ ಕಲಿಸಿದವರು ನಮ್ಮ ಹಿರಿಯ ಗೌಂಡಿ ಯಲ್ಲಪ್ಪಣ್ಣ. ವಿಜಯಪುರದ ಇಂಡಿ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ನನ್ನನ್ನು ಬಾಯಾರ ಎನ್ನುತ್ತಿದ್ದರು. ಓದು ಬರಹ ಇರಲಿಲ್ಲ, ಆದರೆ ನಾನು ನಕ್ಷೆ ಬಿಚ್ಚಿದರೆ ಅದರಲ್ಲಿ ಪೈಪು ಎಲ್ಲಿ ಕೂರುತ್ತದೆ ಎಂದು ನೋಡಿ ಅಲ್ಲಿ ಬೆರಳಿಡುತ್ತಿದ್ದರು. ನದಿಯ ಉಸುಕು ಸಿಗುವುದು ಕಷ್ಟವಾದ ವರ್ಷಗಳಲ್ಲಿ ಒಂದು ದಿನ ಲಾರಿಯಿಂದ ಇಳಿದ ಉಸುಕಿನಲ್ಲಿ ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲಿಟ್ಟುಕೊಂಡರು. ನನಗೂ ಇಟ್ಟುಕೊಳ್ಳಲು ಹೇಳಿದರು. ಉಪ್ಪುಪ್ಪು. ಖಾಡಿಯಿಂದ, ಅಂದರೆ ಸಮುದ್ರದ ಹಿನ್ನೀರಿನಿಂದ ಎತ್ತಿದ ಉಸುಕು, ಹಾಕಿದ್ದರೆ ಎರಡು ಮಳೆಗಾಲದಲ್ಲಿ ಜಾಲರಿ ತುಕ್ಕು ಹಿಡಿದು ಹೋಗುತ್ತಿತ್ತು. ಲಾರಿಯವನು ಗೊಣಗುತ್ತ ತಿರುಗಿ ಒಯ್ದ. ಆಮೇಲೆ ಕಲ್ಲು ಪುಡಿ ಮಾಡಿದ ಉಸುಕು ಬರತೊಡಗಿತು, ಆದರೂ ನಾನು ನಾಲಿಗೆಗೆ ಇಟ್ಟು ನೋಡದೆ ಸಹಿ ಹಾಕುತ್ತಿರಲಿಲ್ಲ.

ನನ್ನ ಮೊದಲ ಪೇಚು ಸಾಂತಾಕ್ರೂಜ್‌ನ ಒಂದು ಸೊಸೈಟಿಯಲ್ಲಿ. ಮೇ ತಿಂಗಳು. ಟ್ಯಾಂಕಿ ಚೆನ್ನಾಗಿ ಎದ್ದಿತು. ಗಾರೆ ಹಚ್ಚಿದ ಮೇಲೆ ಹದಿನೈದು ದಿನ ಗೋಣಿತಟ್ಟು ಸುತ್ತಿ ಹಸಿಯಾಗಿಡಬೇಕು, ಒಣಗಲು ಬಿಟ್ಟರೆ ಗೋಡೆ ಬಲಿಯುವ ಮೊದಲೇ ಸೀಳುತ್ತದೆ. ಆ ಕಟ್ಟಡಕ್ಕೆ ದಿನಕ್ಕೆ ಒಂದೇ ಗಂಟೆ ನೀರು. ಕುಡಿಯುವ ನೀರನ್ನು ಗೋಡೆಗೆ ಸುರಿಯುತ್ತಿದ್ದಾರೆ ಎಂದು ಮೂರನೇ ದಿನ ದೂರು ಹೋಯಿತು, ಸೆಕ್ರೆಟರಿ ನಮ್ಮ ನಲ್ಲಿ ಮುಚ್ಚಿಸಿದರು. ನೀರಿಲ್ಲದ ಜಾಗದಲ್ಲೇ ತಾನೇ ಟ್ಯಾಂಕಿ ಕಟ್ಟಿಸುತ್ತಾರೆ, ಹಾಗಾದರೆ ಅದಕ್ಕೆ ಹಾಕುವ ನೀರು ಎಲ್ಲಿಂದ ಎಂದು ಕೆಲಸ ಶುರು ಮಾಡುವ ಮೊದಲು ನಾನು ಕೇಳಿಯೇ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗೋಣಿಯ ಅಂಚಿನಲ್ಲಿ ಗೋಡೆ ಬಿಳಿಚತೊಡಗಿತು.

ಎದುರಿಗೆ ಒಂದು ಉಡುಪಿ ಹೋಟೆಲು. ಮಾಲೀಕ ಪದ್ಮನಾಭಣ್ಣ ಕುಂದಾಪುರದ ಕಡೆಯವರು. ನಾನು ಎರಡು ದಿನದಿಂದ ಅಲ್ಲೇ ಊಟ ಮಾಡುತ್ತಿದ್ದೆ. ಆ ದಿನ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತದ್ದು ನೋಡಿ ಏನಾಯಿತು ಎಂದು ಕೇಳಿದರು. ಹೇಳಿದೆ.

"ತರಕಾರಿ ತೊಳೆದ ನೀರು ದಿನಾ ಇಪ್ಪತ್ತು ಕೊಡ ಚರಂಡಿಗೆ ಹೋಗ್ತದೆ ಅಮ್ಮಾ. ಅದು ಆಗ್ತದಾ ನಿಮ್ಮ ಗೋಡೆಗೆ?"

ಆಗುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಸಾಹೇಬರಿಗೆ ಫೋನು ಮಾಡಿದೆ. ತರಕಾರಿಯದು ನಡೆಯುತ್ತದೆ, ಉಪ್ಪಿನದು ಬೇಡ, ಚಹಾ ಲೋಟ ತೊಳೆದದ್ದಂತೂ ಬೇಡವೇ ಬೇಡ, ಸಕ್ಕರೆ ಸಿಮೆಂಟನ್ನು ಗಟ್ಟಿಯಾಗಲು ಬಿಡುವುದಿಲ್ಲ ಎಂದರು. ಸಕ್ಕರೆಯ ಮಾತು ತಲೆಯಲ್ಲಿ ಕೂತುಬಿಟ್ಟಿತು. ಮನೆಗೆ ಹೋದವಳೇ ಎರಡು ಬಟ್ಟಲಲ್ಲಿ ಸಿಮೆಂಟು ಕಲಸಿ, ಒಂದಕ್ಕೆ ಒಂದು ಚಮಚ ಸಕ್ಕರೆ ಹಾಕಿ ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ಮರುದಿನ ಒಂದು ಕಲ್ಲಾಗಿತ್ತು. ಸಕ್ಕರೆಯದು ಮೂರು ದಿನವಾದರೂ ಬೆರಳಿಟ್ಟರೆ ಒಳಗಿಳಿಯುತ್ತಿತ್ತು. ನನ್ನ ಯಜಮಾನರು ಅದನ್ನು ಚಟ್ನಿ ಎಂದುಕೊಂಡು ಮುಚ್ಚಳ ತೆಗೆದದ್ದು ಬೇರೆ ಕಥೆ.

ಪದ್ಮನಾಭಣ್ಣ ನಮಗೆಂದೇ ಒಂದು ಡ್ರಮ್ಮು ಬೇರೆ ಇಡಿಸಿದರು. ನಾಲ್ಕು ದಿನ ಆ ನೀರನ್ನೇ ಹೊತ್ತು ಸುರಿದೆವು. ಗೋಣಿಯ ತುಂಬ ಕೊತ್ತಂಬರಿ ಎಲೆ, ಕ್ಯಾರೆಟ್ ಸಿಪ್ಪೆ. ಸೊಸೈಟಿಯ ಹೆಂಗಸರು ಬಾಲ್ಕನಿಯಿಂದ ನೋಡಿ ನಕ್ಕರು. ಐದನೇ ದಿನ ಎರಡನೇ ಮಹಡಿಯ ಒಬ್ಬ ಅಜ್ಜಿ ಬೇಳೆ ತೊಳೆದ ನೀರನ್ನು ಪಾತ್ರೆಯಲ್ಲಿ ಹಿಡಿದುಕೊಂಡು ಇಳಿದು ಬಂದರು, ಇದು ನಡೆಯುತ್ತದೆಯೇ ಎಂದು. ಸಂಜೆಯ ಹೊತ್ತಿಗೆ ಮನೆಗೊಂದು ಬಕೀಟು ಬರತೊಡಗಿತು. ಮಾರನೇ ದಿನ ಸೆಕ್ರೆಟರಿ ತಾವೇ ಬಂದು ನಲ್ಲಿ ತೆರೆದರು. ಅಂದಿನಿಂದ ಯಾವ ಸೈಟಿಗೆ ಹೋದರೂ ನನ್ನ ಮೊದಲ ಪ್ರಶ್ನೆ, ಗೋಡೆಗೆ ಹಾಕುವ ನೀರು ಎಲ್ಲಿಂದ ಬರುತ್ತದೆ ಎನ್ನುವುದು.

ಇನ್ನು ಹೇಳುವುದು ವಿಕ್ರೋಳಿಯ ಗುಡ್ಡದ ಮೇಲಿನ ಒಂದು ಚಾಳಿನ ಸಂಗತಿ. ಇದನ್ನು ಬರೆಯಲೋ ಬೇಡವೋ ಎಂದು ತುಂಬ ಯೋಚಿಸಿದ್ದೇನೆ.

ಆ ಹೊತ್ತಿಗೆ ನಾನು ಒಬ್ಬಳೇ ಸೈಟು ನೋಡಿಕೊಳ್ಳುತ್ತಿದ್ದೆ. ಗೋಡೆ ಎಲ್ಲ ಕಡೆ ಸಮ ದಪ್ಪ ಇದೆಯೇ ಎಂದು ತಿಳಿಯುವ ಹುಚ್ಚು ನನಗೆ. ಒಣಗಿದ ಮೇಲೆ ತಿಳಿಯುವ ದಾರಿ ಇಲ್ಲ. ಹಾಗಾಗಿ ಒಂದು ಸೈಕಲ್ ಚಕ್ರದ ಕಡ್ಡಿಗೆ ಅರದಿಂದ ಗುರುತು ಮಾಡಿಕೊಂಡಿದ್ದೆ. ಹಸಿ ಗಾರೆಯಲ್ಲಿ ಅದನ್ನು ಚುಚ್ಚಿ, ಹಿಂದಿನ ಹಲಗೆಗೆ ತಾಗಿದಾಗ ಎಷ್ಟು ಒಳಗೆ ಹೋಯಿತು ನೋಡಿ, ಕಡ್ಡಿ ತೆಗೆದು ಬೆರಳಿನಿಂದ ತೂತು ಮುಚ್ಚುತ್ತಿದ್ದೆ. ಸಾಹೇಬರಿಗೆ ಇದು ಗೊತ್ತಿರಲಿಲ್ಲ. ಯಲ್ಲಪ್ಪಣ್ಣನಿಗೆ ಗೊತ್ತಿತ್ತು. ತಮ್ಮ ಕೈಮೇಲೆ ನನಗೆ ನಂಬಿಕೆಯಿಲ್ಲ ಎಂದು ಅವರಿಗೆ ಅನಿಸಿರಬೇಕು.

ಚಾಳಿನಲ್ಲಿ ಇಪ್ಪತ್ತು ಖೋಲಿಗಳು, ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ನಲ್ಲಿ ನೀರು. ಬಟ್ಟೆಗೆ, ಪಾಯಿಖಾನೆಗೆ ಮಳೆನೀರು ಆದೀತು ಎಂದು ಟ್ಯಾಂಕಿ ಕಟ್ಟಿಸಿಕೊಂಡರು. ಜೂನ್‌ನಲ್ಲಿ ಮಳೆ ಬಂತು, ವಾರದಲ್ಲಿ ತುಂಬಿತು. ಜುಲೈಯಲ್ಲಿ ಮಳೆ ನಾಲ್ಕು ದಿನ ಬಿಡುವು ಕೊಟ್ಟಾಗ ಚಾಳಿನ ಸೆಕ್ರೆಟರಿಯ ಫೋನು ಬಂತು. ಬಳಸಿದ್ದಕ್ಕಿಂತ ಹೆಚ್ಚು ನೀರು ಇಳಿಯುತ್ತಿದೆ, ಯಾರೋ ಕದಿಯುತ್ತಿದ್ದಾರೆ ಎಂದರು.

ಯಾರೋ ಎಂದರೆ ಯಾರು ಎಂಬುದನ್ನು ಚಾಳು ಆಗಲೇ ತೀರ್ಮಾನಿಸಿತ್ತು. ಟ್ಯಾಂಕಿಗೆ ತಾಗಿಕೊಂಡ ಮೊದಲ ಖೋಲಿಯಲ್ಲಿ ಸುಮನ್‌ತಾಯಿ ಎಂಬುವರು ಇದ್ದರು. ಗಂಡ ತೀರಿಕೊಂಡ ಮೇಲೆ ನಾಲ್ಕು ಮನೆಯವರ ಬಟ್ಟೆ ತಂದು ಒಗೆದುಕೊಟ್ಟು ಬದುಕುತ್ತಿದ್ದರು. ಒಗೆಯುವವಳಿಗೆ ನೀರು ಬೇಕಲ್ಲ ಎನ್ನುವುದೇ ಸಾಕ್ಷಿ. ನಲ್ಲಿಗೆ ಬೀಗ ಬಿತ್ತು. ಆದರೂ ನೀರು ಇಳಿಯಿತು. ಅವಳ ಹತ್ತಿರ ಇನ್ನೊಂದು ಕೀಲಿ ಇದೆ ಎಂದರು. ನಾನು ಹೋದ ದಿನ ಅವರ ಜೊತೆ ಯಾರೂ ಮಾತಾಡುತ್ತಿರಲಿಲ್ಲ.

ಟ್ಯಾಂಕಿಯ ಸುತ್ತ ನೋಡಿದೆ. ಮೂರು ಕಡೆ ಗೋಡೆ ಒಣಗಿ ಗರಿಗರಿ. ಹಿಂಬದಿಗೂ ಕಂಪೌಂಡಿಗೂ ನಡುವೆ ಎರಡಡಿ ಜಾಗ, ಅಲ್ಲಿ ಚಾಳಿನವರು ಹಳೆ ಬಾಗಿಲು, ತಗಡು, ಒಂದು ಮುರಿದ ಕಪಾಟು ಒಟ್ಟಿದ್ದರು. ಅದನ್ನು ತೆಗೆಸಬೇಕೆಂದು ನನಗೆ ತೋಚಲಿಲ್ಲ. ಹೊರಗೆ ಹಸಿ ಇಲ್ಲ ಎಂದರೆ ತಳದಲ್ಲೇ ಸೋರಿ ಮಣ್ಣಿಗೆ ಹೋಗುತ್ತಿದೆ ಎಂದುಕೊಂಡೆ. ತಳಕ್ಕೂ ಗೋಡೆಗೂ ಸಂದು ಕೂಡಿಸಿದ ದಿನ ಯಲ್ಲಪ್ಪಣ್ಣ ಮಗಳನ್ನು ಕಾಲೇಜಿಗೆ ಸೇರಿಸಲು ಅರ್ಧ ದಿನ ಹೋಗಿದ್ದರು. ಕಾರಣ ಸಿಕ್ಕಿತು, ಎಲ್ಲ ತಾಳೆಯಾಯಿತು ಎಂದು ನನಗನಿಸಿತು. ಸೆಕ್ರೆಟರಿಯ ಮುಂದೆ, ನೆರೆದ ಜನರ ಮುಂದೆ, ಯಲ್ಲಪ್ಪಣ್ಣನ ಮುಂದೆಯೇ ಹೇಳಿಬಿಟ್ಟೆ: ನಮ್ಮ ಗೌಂಡಿ ಅವತ್ತು ಇರಲಿಲ್ಲ, ಅಲ್ಲೇ ತಪ್ಪಾಗಿದೆ.

ಯಲ್ಲಪ್ಪಣ್ಣ ಒಂದೇ ಮಾತು ಹೇಳಿದರು. "ತಳ ಬಿಡಂಗಿಲ್ರಿ ಬಾಯಾರ. ನಾ ತಿರುಗಿ ಬಂದ ಮ್ಯಾಲೆ ನೋಡೀನಿ."

ನಾನು ಕೇಳಿಸಿಕೊಳ್ಳಲಿಲ್ಲ. ಆಫೀಸಿಗೆ ಬಂದು ಸಾಹೇಬರಿಗೂ ಅದನ್ನೇ ಹೇಳಿದೆ. ಸಾಹೇಬರು ಇತ್ಯರ್ಥವಾಗುವವರೆಗೆ ಬೇರೆ ಸೈಟಿಗೆ ಬರಬೇಡಿ ಎಂದು ಯಲ್ಲಪ್ಪಣ್ಣನಿಗೆ ತಿಳಿಸಿದರು. ಇಪ್ಪತ್ತು ವರ್ಷ ಗಾರೆ ಕೆಲಸ ಮಾಡಿದ ಮನುಷ್ಯ ಮಳೆಗಾಲದ ನಡುವೆ ಮನೆಯಲ್ಲಿ ಕೂತರು.

ತಳ ಒಡೆದು ರಿಪೇರಿ ಮಾಡುವುದೆಂದರೆ ಟ್ಯಾಂಕಿ ಖಾಲಿ ಮಾಡಬೇಕು. ಅದಕ್ಕೆ ಮೊದಲು ಎಷ್ಟು ಸೋರುತ್ತದೆ ಅಳೆಯೋಣ ಎಂದುಕೊಂಡೆ. ನೀರು ಬಿಸಿಲಿಗೆ ಆರಿಹೋಗುತ್ತಿರಬಹುದು ಎಂಬ ವಾದವೂ ಇತ್ತು. ಟ್ಯಾಂಕಿಯೊಳಗೆ ಒಂದು ಬಕೀಟು ನೀರು ತೂಗುಹಾಕಿ, ಬಕೀಟಿನೊಳಗೂ ಟ್ಯಾಂಕಿಯ ಗೋಡೆಗೂ ಸೀಮೆಸುಣ್ಣದ ಗೆರೆ ಎಳೆದೆ. ಯಾರೂ ನೀರು ಮುಟ್ಟಬಾರದು ಎಂದು ನಲ್ಲಿಯ ಕೀಲಿ ನಾನೇ ಇಟ್ಟುಕೊಂಡೆ. ಮಳೆ ಬಂದರೆ ಲೆಕ್ಕ ತಪ್ಪೀತೆಂದು ಮಾಡಿನ ಪೈಪನ್ನು ಟ್ಯಾಂಕಿಯಿಂದ ಆಚೆ ತಿರುಗಿಸಿದೆ. ಮರುದಿನ ಬಕೀಟಿನ ನೀರು ಗೆರೆಯಲ್ಲೇ ಇತ್ತು. ಟ್ಯಾಂಕಿಯದು ನಾಲ್ಕು ಬೆರಳು ಇಳಿದಿತ್ತು. ಅಂದರೆ ಬಿಸಿಲೂ ಅಲ್ಲ, ಕಳ್ಳರೂ ಅಲ್ಲ.

ದಿನಾ ಬೆಳಿಗ್ಗೆ ಹೋಗಿ ಗೆರೆ ಎಳೆಯುವುದು ನನಗೊಂದು ಚಟವಾಯಿತು. ಮೊದಲ ದಿನ ನಾಲ್ಕು ಬೆರಳು, ಆಮೇಲೆ ಮೂರೂವರೆ, ಆಮೇಲೆ ಮೂರು. ಗೆರೆಗಳು ಒಂದಕ್ಕೊಂದು ಹತ್ತಿರವಾಗುತ್ತ ಬಂದವು. ಯಾಕೆ ಎಂದು ಲೋಕಲ್ ರೈಲಿನಲ್ಲಿ ನಿಂತು ಯೋಚಿಸುತ್ತಿದ್ದೆ. ಮೇಲಿನ ನೀರಿನ ಭಾರ ಕಡಿಮೆಯಾದಂತೆ ಸೋರುವ ವೇಗ ಕಡಿಮೆ, ಅದು ಸರಿ. ಆದರೆ ತಳದ ತೂತಿಗೆ ಇಷ್ಟು ಬೇಗ ಕಡಿಮೆಯಾಗಬಾರದಿತ್ತು. ಎಂಟನೇ ದಿನ ಗೆರೆ ಎಳೆಯಲು ಬಗ್ಗಿದೆ. ನೀರು ಹಿಂದಿನ ದಿನದ ಗೆರೆಯಲ್ಲೇ ಇತ್ತು. ಒಂಬತ್ತನೇ ದಿನವೂ ಅಲ್ಲೇ. ನೆಲದಿಂದ ನನ್ನ ಸೊಂಟದ ಎತ್ತರಕ್ಕೆ ನಿಂತುಬಿಟ್ಟಿತ್ತು.

ತಳ ಸೋರಿದ್ದರೆ ಟ್ಯಾಂಕಿ ಪೂರ್ತಿ ಖಾಲಿಯಾಗಬೇಕಿತ್ತು. ತೂತು ಇದ್ದದ್ದು ನನ್ನ ಸೊಂಟದ ಎತ್ತರದಲ್ಲಿ. ಯಲ್ಲಪ್ಪಣ್ಣ ಹೇಳಿದ್ದು ನಿಜವಾಗಿತ್ತು, ನಾನು ನಾಲ್ಕು ಜನರ ಮುಂದೆ ಹೇಳಿದ್ದು ಸುಳ್ಳಾಗಿತ್ತು. ಅಲ್ಲಿಯವರೆಗೆ ಇದ್ದ ಉತ್ಸಾಹ ಇಳಿದುಹೋಯಿತು. ಆದರೂ ಹುಡುಕದೆ ಇರಲಾಗಲಿಲ್ಲ. ಒಳಗಿಳಿದು ಟಾರ್ಚು ಹಿಡಿದು ಸುತ್ತಲೂ ಆ ಎತ್ತರದಲ್ಲಿ ಬೆರಳಾಡಿಸಿದೆ. ಮೇಲೆ ಬಳಿದ ಸಿಮೆಂಟು ತಿಳಿ ನುಣ್ಣಗಿತ್ತು, ಏನೂ ಸಿಗಲಿಲ್ಲ.

ಪೈಪನ್ನು ಮತ್ತೆ ಟ್ಯಾಂಕಿಗೆ ತಿರುಗಿಸಿದೆ. ಆ ಮಧ್ಯಾಹ್ನ ಮಳೆ ಸುರಿದು ಟ್ಯಾಂಕಿ ಮತ್ತೆ ಎದೆಮಟ್ಟ ತುಂಬಿತು. ಅಂಗಡಿಯಿಂದ ಬಟ್ಟೆಗೆ ಹಾಕುವ ನೀಲಿಯ ಬಾಟಲಿಗಳನ್ನು ತಂದು ಎಲ್ಲವನ್ನೂ ಒಳಗೆ ಸುರಿದೆ. ನೀರು ಎಲ್ಲಿಂದ ಹೊರಗೆ ಬರುತ್ತದೋ ಅಲ್ಲಿ ಬಣ್ಣ ಕಾಣಬೇಕು. ಚಾಳಿನವರಿಗೆ ಹೇಳಿ, ಎಲ್ಲಿ ನೀಲಿ ಕಂಡರೂ ತಿಳಿಸಿ ಎಂದೆ. ಸುಮನ್‌ತಾಯಿಗೆ ಅದನ್ನು ನಾನೇ ಖೋಲಿಯ ಬಾಗಿಲಿಗೆ ಹೋಗಿ ಹೇಳಿದೆ. ಅವರು ತಲೆಯಾಡಿಸಿದರು ಅಷ್ಟೇ.

ಬೆಳಿಗ್ಗೆ ಅವರೇ ಫೋನು ಮಾಡಿದರು. "ಮ್ಯಾಡಮ್, ಗಟಾರ್ ನಿಳಂ ಝಾಲಂಯ್." ಕಂಪೌಂಡಿನ ಹಿಂದಿನ ಗಟಾರ ನೀಲಿಯಾಗಿದೆ ಎಂದು.

ನಾನು ನೇರ ಯಲ್ಲಪ್ಪಣ್ಣನ ಮನೆಗೆ ಹೋದೆ. ತೂತು ತಳದಲ್ಲಿಲ್ಲ, ಬನ್ನಿ ಎಂದೆ. ಅವರು ಕರಣೆಯ ಚೀಲ ತೆಗೆದುಕೊಂಡು ಹೊರಟರು. ಚಾಳಿನವರು ಆ ಹಳೆ ಬಾಗಿಲು, ಕಪಾಟು ತೆಗೆಯಲು ಮೊದಲು ಒಪ್ಪಲಿಲ್ಲ, ಒಂದೊಂದಕ್ಕೂ ಒಬ್ಬೊಬ್ಬ ಒಡೆಯ. ನೀಲಿ ಗಟಾರ ತೋರಿಸಿದ ಮೇಲೆ ಸೆಕ್ರೆಟರಿಯೇ ಕೈಹಚ್ಚಿದರು. ಕೊನೆಯ ತಗಡು ಸರಿದಾಗ ಗೋಡೆಯ ಮೇಲೆ ಒಂದು ತೆಳು ನೀಲಿ ಗೀರು ಕಂಡಿತು, ಸೊಂಟದ ಎತ್ತರದಿಂದ ನೆಲದವರೆಗೆ. ಅದರ ಮೇಲ್ತುದಿಯಲ್ಲಿ ಒಂದು ದುಂಡನೆಯ ತೂತು. ಅದರಿಂದ ನೀರು ದಾರದಂತೆ ಚಿಮ್ಮುತ್ತಿತ್ತು. ಅದೇ ಎತ್ತರದಲ್ಲಿ, ಅದರ ಎಡಕ್ಕೆ ಒಂದೊಂದು ಗೇಣು ಬಿಟ್ಟು, ಬೆರಳಿನಿಂದ ತೀಡಿ ಮುಚ್ಚಿದ ಇನ್ನೂ ಮೂರು ಚುಕ್ಕೆಗಳು.

ಯಲ್ಲಪ್ಪಣ್ಣ ಪೊರಕೆಯ ಒಂದು ಕಡ್ಡಿ ತೂತಿನೊಳಗೆ ತೂರಿಸಿ ನೋಡಿದರು. ನನ್ನ ಕಡೆ ತಿರುಗಲಿಲ್ಲ. ನಾನು ಅವತ್ತು ಚುಚ್ಚುತ್ತ ಬಂದಿದ್ದೆ, ನಾಲ್ಕನೆಯದನ್ನು ಮುಚ್ಚುವ ಮೊದಲು ಯಾರೋ ಕರೆದಿರಬೇಕು, ಹೋಗಿದ್ದೆ. ಒಳಗಿನಿಂದ ಬಳಿದ ತೆಳು ಸಿಮೆಂಟು ಒಂದು ತಿಂಗಳು ಅದನ್ನು ಮುಚ್ಚಿಟ್ಟಿತ್ತು, ನೀರಿನ ಭಾರಕ್ಕೆ ಸೂಜಿಮೊನೆಯಷ್ಟು ಒಡೆದಿತ್ತು.

ಏನಾಗಿತ್ತು ಎಂದು ಸೆಕ್ರೆಟರಿ ಕೇಳಿದರು. ಯಲ್ಲಪ್ಪಣ್ಣ ತಮ್ಮ ಅರೆಬರೆ ಮರಾಠಿಯಲ್ಲಿ, ಗಾರೆ ಕೆಲಸದಲ್ಲಿ ಹೀಗೆ ಒಂದೊಂದು ತೂತು ಉಳಿಯುತ್ತದೆ ಎಂದರು. ಸೆಕ್ರೆಟರಿ ಸರಿ ಎಂದು ಒಪ್ಪಿಕೊಂಡರು. ಅಲ್ಲಿಗೆ ಮಾತು ಮುಗಿಯಬಹುದಿತ್ತು. ಹತ್ತು ಉಸಿರಿನಷ್ಟು ಹೊತ್ತು ಅದು ಹಾಗೇ ಮುಗಿಯಲಿ ಎಂದು ನನಗೂ ಅನಿಸಿತು, ಅದನ್ನು ಮುಚ್ಚಿಡುವುದಿಲ್ಲ.

ಆಮೇಲೆ ಮರಾಠಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದೆ. ಈ ತೂತು ನಾನು ಮಾಡಿದ್ದು. ದಪ್ಪ ನೋಡಲು ಕಡ್ಡಿ ಚುಚ್ಚಿ ಮುಚ್ಚಲು ಮರೆತೆ. ಗೌಂಡಿಯದೇನೂ ತಪ್ಪಿಲ್ಲ, ನೀರನ್ನು ಯಾರೂ ಕದ್ದಿಲ್ಲ. ಆಮೇಲೆ ಕನ್ನಡದಲ್ಲಿ, "ಯಲ್ಲಪ್ಪಣ್ಣಾ, ನಿಮ್ಮ ಮ್ಯಾಲೆ ಹಾಕಿದ್ದು ನಂದ ತಪ್ಪು" ಎಂದೆ.

"ಮದಲ ತೂತು ಮುಚ್ಚೂಣ್ರಿ. ಮತ್ತ ಮಳಿ ಬರತೈತಿ," ಎಂದರು.

ತೂತಿನ ಸುತ್ತ ಉಳಿಯಿಂದ ಕೊರೆದು, ನೀರು ಹನಿಸಿ, ಗಟ್ಟಿ ಗಾರೆ ತುಂಬಿದರು. ಒಳಗಿನ ಬದಿಯನ್ನು ನಾನು ತುಂಬಿದೆ. ನೀರು ಇಳಿಸಿ ನಾನು ಒಳಗೆ, ಅವರು ಹೊರಗೆ. ನಡುವೆ ಎರಡು ಸಲ ಕುಟ್ಟಿದ ಸದ್ದು ಬಂತು. ಮುಂದೆ ಸರಿದೆ.

ಸೆಕ್ರೆಟರಿ ಸುಮನ್‌ತಾಯಿಯ ಕ್ಷಮೆ ಕೇಳಿದ್ದನ್ನು ನಾನು ಕಾಣೆ. ಆದರೆ ಹೊರಡುವಾಗ ನಾನು ನಲ್ಲಿಯ ಕೀಲಿ ಕೊಟ್ಟಾಗ ಅವರು ಅದನ್ನು ಜೇಬಿಗೆ ಹಾಕಿಕೊಳ್ಳದೆ ಮೊದಲ ಖೋಲಿಯ ಬಾಗಿಲಿಗೆ ಹೋಗಿ ಸುಮನ್‌ತಾಯಿಯ ಕೈಗೆ ಕೊಟ್ಟು ಬಂದರು. ಆ ವಾರ ಇಡೀ ಚಾಳಿನ ಮಕ್ಕಳ ಶಾಲೆಯ ಅಂಗಿಗಳು ಬೆಳ್ಳಗೆ ಹೊಳೆಯುತ್ತಿದ್ದವಂತೆ, ಅಷ್ಟು ನೀಲಿ ಸುರಿದಿದ್ದೆ.

ಸಾಹೇಬರ ಮುಂದೆ ಹೋಗಿ ಕಡ್ಡಿಯನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಕಡ್ಡಿಯ ಗುರುತನ್ನು ಕನ್ನಡಕ ಮೇಲೆತ್ತಿ ನೋಡಿ, ಇದುವರೆಗೆ ಎಷ್ಟು ಟ್ಯಾಂಕಿಗೆ ಚುಚ್ಚಿದ್ದೀರಿ ಎಂದರು. ಹನ್ನೊಂದು. ಹಾಗಾದರೆ ಹನ್ನೊಂದನ್ನೂ ನೋಡಿ ಬನ್ನಿ, ಯಲ್ಲಪ್ಪನನ್ನು ಕರೆದುಕೊಂಡು ಎಂದರು. ಮೂರು ವಾರ ಇಬ್ಬರೂ ಲೋಕಲ್‌ನಲ್ಲಿ, ಬಸ್ಸಿನಲ್ಲಿ ತಿರುಗಿದೆವು. ಒಂದು ಕಡೆ ಸಣ್ಣ ಹಸಿ ಕಲೆ ಸಿಕ್ಕಿತು, ಮುಚ್ಚಿದೆವು. ಉಳಿದವು ಗಟ್ಟಿಯಾಗಿದ್ದವು. ದಪ್ಪ ನೋಡಲು ಬೇರೆ ಉಪಾಯ ಹೇಳಿದವರು ಯಲ್ಲಪ್ಪಣ್ಣನೇ. ಗಾರೆಯ ಸಣ್ಣ ಗೋಲಿಗಳನ್ನು ಮೊದಲೇ ಮಾಡಿ ಒಣಗಿಸಿ ಜಾಲರಿಗೆ ಕಟ್ಟಿಬಿಡುವುದು. ಹಚ್ಚಿದ ಗಾರೆ ಗೋಲಿ ಮುಳುಗುವಷ್ಟು ಬಂದರೆ ದಪ್ಪ ಸರಿ. ಚುಚ್ಚುವುದೇ ಬೇಡ. ನಮ್ಮ ಕಂಪನಿಯಲ್ಲಿ ಈಗಲೂ ಹಾಗೆಯೇ ಮಾಡುತ್ತಾರೆ. ಯಾರು ಹೇಳಿಕೊಟ್ಟದ್ದು ಎಂದು ಹೊಸಬರಿಗೆ ಗೊತ್ತಿಲ್ಲ, ಅದಕ್ಕೇ ಬರೆದೆ.

ಯಲ್ಲಪ್ಪಣ್ಣ ನನಗಿಂತ ಮೊದಲು ಕೆಲಸ ಬಿಟ್ಟು ಇಂಡಿಗೆ ಹೋದರು. ಆಗಾಗ ಫೋನಿನಲ್ಲಿ ಮಾತಾಡುತ್ತೇವೆ.

ಮೊನ್ನೆ ಮಾರ್ಚ್‌ನಲ್ಲಿ ತರಕಾರಿಗೆಂದು ಹೊರಟಿದ್ದೆ. ಸಯನ್‌ನಲ್ಲೇ ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ ಒಂದು ಹಳೆ ಬಿಲ್ಡಿಂಗ್ ರಿಡೆವಲಪ್‌ಮೆಂಟಿಗೆ ಹೋಗಿ ಕೆಡವುತ್ತಿದ್ದರು. ಅದರ ಅಂಗಳದ ಟ್ಯಾಂಕಿ ನಾನೂ ಯಲ್ಲಪ್ಪಣ್ಣನೂ ಕಟ್ಟಿದ್ದು, ಹನ್ನೆರಡು ವರ್ಷದ ಹಿಂದೆ. ತಗಡಿನ ಬೇಲಿಯ ಸಂದಿನಲ್ಲಿ ನಿಂತು ನೋಡಿದೆ. ಪೊಕ್ಲೇನ್ ಯಂತ್ರದ ಕೈ ತಾಗಿದರೆ ಇಟ್ಟಿಗೆ ಗೋಡೆಗಳು ದೊಪ್ಪನೆ ಉರುಳುತ್ತಿದ್ದವು. ಟ್ಯಾಂಕಿಗೆ ತಾಗಿದಾಗ ಅದು ಉರುಳಲಿಲ್ಲ. ಪಾತ್ರೆಯಂತೆ ಒಳಗೆ ನೆಗ್ಗಿತು. ಇನ್ನೊಮ್ಮೆ ಹೊಡೆದಾಗ ಇನ್ನಷ್ಟು ಮಡಚಿಕೊಂಡಿತು.

ಯಂತ್ರ ನಡೆಸುತ್ತಿದ್ದವರು ಎಂಜಿನ್ ನಿಲ್ಲಿಸಿ ಇಳಿದು ಬಂದರು. ನಲವತ್ತರ ಆಸುಪಾಸಿನ ಮನುಷ್ಯ, ಎಲ್ಲೆಲ್ಲೋ ಕಟ್ಟಡ ಕೆಡವುತ್ತ ಬಂದವರು. ಮಡಚಿದ ಗೋಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಸೀಳಿನೊಳಗೆ ನೋಡತೊಡಗಿದರು. ನನಗೆ ತಡೆಯಲಾಗಲಿಲ್ಲ. ಬೇಲಿಯ ಬಾಗಿಲಿನಿಂದ ಒಳಗೆ ಹೋಗಿ, ಇದನ್ನು ಕಟ್ಟಿಸಿದ್ದು ನಾನು ಎಂದು ಹಿಂದಿಯಲ್ಲಿ ಹೇಳಿದೆ. ಒಳಗೇನು ಹಾಕಿದ್ದೀರಿ, ಒಡೆಯುತ್ತಲೇ ಇಲ್ಲವಲ್ಲ ಎಂದು ಕೇಳಿದರು. ನಾನೂ ಪಕ್ಕದಲ್ಲಿ ಕೂತೆ. ಇಬ್ಬರೂ ಸುತ್ತಿಗೆಯಿಂದ ಗಾರೆ ಉದುರಿಸಿ ಜಾಲರಿ ಬಿಡಿಸಿದೆವು. ಹನ್ನೆರಡು ವರ್ಷವಾದರೂ ತಂತಿ ಬೂದಿಬಣ್ಣಕ್ಕೆ ಹೊಳೆಯುತ್ತಿತ್ತು, ತುಕ್ಕು ಇರಲಿಲ್ಲ. ಸರಳು, ಎರಡು ಪದರ ಜಾಲರಿ, ಗಾರೆ, ಇಷ್ಟೇ ಎಂದು ವಿವರಿಸಿದೆ.

ಅವರು ಇನ್ನೊಂದು ತುಂಡು ಎಳೆದುಕೊಂಡು ಎಣಿಸಿದರು. ಎರಡು ಎಂದಿರಿ, ಇಲ್ಲಿ ಐದು ಇವೆ, ಯಾಕೆ ಎಂದರು.

ನಾನೂ ಎಣಿಸಿದೆ. ಐದು. ನಕ್ಷೆ ನಾನೇ ಬರೆದದ್ದು, ಐದು ಪದರ ಎಲ್ಲೂ ಇರಲಿಲ್ಲ. ಅಕ್ಕಪಕ್ಕದ ತುಂಡುಗಳಲ್ಲಿ ಎರಡೇ. ಅಂಗಳದ ಕಡೆಯ ಒಂದು ಜಾಗದಲ್ಲಿ ಮಾತ್ರ, ಒಂದು ಬಾಗಿಲಿನಷ್ಟು ಅಗಲಕ್ಕೆ ಐದು. ಜಾಲರಿ ಬಿಗಿದ ದಿನ ನಾನು ಬೇರೆ ಸೈಟಿಗೆ ಹೋಗಿದ್ದೆನೇನೋ. ನನಗೆ ಗೊತ್ತಿಲ್ಲ ಎಂದೆ. ಗೊತ್ತಿರುವವರಿದ್ದಾರೆ ಎಂದು ಅಲ್ಲೇ ಕೂತು ಇಂಡಿಗೆ ಫೋನು ಹಚ್ಚಿದೆ.

ಯಲ್ಲಪ್ಪಣ್ಣನಿಗೆ ನೆನಪಿಗೆ ತಂದುಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಯಾವ ಬಿಲ್ಡಿಂಗು, ಯಾವ ಕಡೆ ಎಂದು ಕೇಳಿದರು.

"ಆ ಕಡೆ ಬಿಲ್ಡಿಂಗಿನ ಹುಡುಗರು ಕ್ರಿಕೆಟ್ ಆಡತಿದ್ರಲ್ರಿ ಬಾಯಾರ. ಚೆಂಡು ದಿನಾ ಅಲ್ಲೇ ಬಂದು ಬಡೀತಿತ್ತು. ಅದಕ್ಕ ಮೂರು ಪದರ ಜಾಸ್ತಿ ಕಟ್ಟಿದ್ದೆ."

ಆಗಲೇ ನನಗೆ ಯಾಕೆ ಹೇಳಲಿಲ್ಲ ಎಂದೆ.

"ನೀವು ಕೇಳಲಿಲ್ಲಲ್ರಿ."

ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ಯಂತ್ರದವರು ಒಮ್ಮೆ ಖಾಲಿ ಅಂಗಳದ ಕಡೆ ನೋಡಿ, ಎದ್ದು, ಆ ಐದು ಪದರದ ತುಂಡನ್ನು ಎರಡೂ ಕೈಯಿಂದ ಎತ್ತಿ ಮಗುಚಿದರು. ಹೊರಮುಖದ ಮೇಲೆ, ನೆಲದಿಂದ ಸೊಂಟದೆತ್ತರದವರೆಗೆ, ಬಿಳಿ ಬಣ್ಣದಲ್ಲಿ ಯಾರೋ ಮೂರು ಉದ್ದ ಗೆರೆ ಎಳೆದಿದ್ದರು. ಸ್ಟಂಪು. ಸುತ್ತಲೂ ಚೆಂಡಿನ ನೂರಾರು ದುಂಡು ಗುರುತು, ಒಂದೂ ಬಿರುಕಿಲ್ಲ.